ನಮ್ಮ ಬೋಂಡ ನುಂಗಿದ ಒಂದು ರೂಪಾಯಿ

ಆಯುಧಪೂಜೆ ದಿನ ಬಸವನಗುಡಿ ರೋಡ್‌ಗಳು ಹೆಂಗಿರ್ತವೆ ಅಂತ ಇಲ್ಲಿಯೋರಿಗೆ ಹೇಳಬೇಕಾಗಿಲ್ಲ. ಕಾರಿಗೊಂದು ಬೂದುಗುಂಬಳಕಾಯಿ, ಅಂಗಡಿಗೊಂದು, ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿಗೊಂದು, ಒಳಗೆ ಕುಂಕುಮ, ಜೊತೆಗೆ ಚಿಲ್ಲರೆ ಕಾಸು. ಒಡೆದಿದ್ದನ್ನ ಪಕ್ಕಕ್ಕೆ ತಳ್ರಪ್ಪ, ಗಾಡಿ ಜಾರ್ತವೆ ಅಂತ ಪ್ರತಿ ವರ್ಷ ಯಾರಾದ್ರೂ ಬರೀತಾರೆ, ನಾನೂ ಒಂದು ಲೈಕ್ ಒತ್ತಿ ಸುಮ್ನಾಗ್ತಿದ್ದೆ. ಈ ಸಲ ನಮ್ಮನೆ ಬೋಂಡ, ಮೂರು ತಿಂಗಳ ನಾಟಿ ನಾಯಿಮರಿ, ಗೇಟಿನ ಮುಂದೇನೇ ಆ ಕುಂಬಳಕಾಯಿಗೆ ಬಾಯಿ ಹಾಕ್ದ. ನಾನು ಏಯ್ ಏಯ್ ಅಂತ ಕಿರುಚ್ಕೊಂಡು ಓಡ್ದೆ, ಅವನು ಒಂದ್ಸಲ ನನ್ನ ನೋಡ್ದ, ಕಾರ್ ಕೆಳಗೆ ನುಗ್ಗಿದ, ನಾನು ಪೂಜೆಗೆ ಉಟ್ಟ ಸೀರೇಲೇ ರೋಡಲ್ಲಿ ಬೋರಲು ಮಲಗಿ ಅವನ ದವಡೆ ಹಿಡಿದು ಬೆರಳು ಹಾಕೋಷ್ಟರಲ್ಲಿ, ಗುಳುಂ.

ಎಕ್ಸ್‌ರೇಲಿ ಹೊಟ್ಟೆ ಒಳಗೆ ದುಂಡಗೆ, ಬೆಳ್ಳಗೆ, ಹುಣ್ಣಿಮೆ ಚಂದ್ರ ಕಂಡಂಗೆ ಕಂಡ್ತು.

ಡಾಕ್ಟ್ರು ಮೊದಲು ಕೇಳಿದ್ದೇ ಯಾವ ಕಾಯಿನ್ನು ಅಂತ. ನನಗೆ ನಗು ಬಂತು, ಆದ್ರೆ ಕಾರಣ ಇತ್ತು. ನಮ್ಮ ಒಂದು ರೂಪಾಯಿ ಸ್ಟೀಲಿಂದು, ಅದು ಅಷ್ಟಾಗಿ ಕರಗಲ್ಲ, ಸತು ಇರೋ ಲೋಹ ಆದ್ರೆ ಹೊಟ್ಟೆಯ ಆಸಿಡ್‌ಗೆ ಕರಗಿ ರಕ್ತದ ಕಣಗಳನ್ನೇ ಒಡೆದುಬಿಡುತ್ತಂತೆ. ಮನೇಲಿ ಅತ್ತೆ ಆಗ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂತ ಲೋಟ ಹಿಡ್ಕೊಂಡು ನಿಂತಿದ್ರು, ಸದ್ಯ ಕುಡಿಸಿರಲಿಲ್ಲ. ಪುಟ್ಟ ಮರಿಗೆ ಅಷ್ಟು ಉಪ್ಪು ಹೋದ್ರೆ ಅದೇ ವಿಷ, ಏನು ನುಂಗಿದೆ ಅಂತ ಗೊತ್ತಿಲ್ಲದೆ ವಾಂತಿ ಮಾಡಿಸೋಕೆ ಹೋಗ್ಲೇಬೇಡಿ ಅಂತ ಡಾಕ್ಟ್ರು ಗದರಿದ್ರು. ಆಮೇಲೆ ಅವರು ಹೇಳಿದ ಇನ್ನೊಂದು ಮಾತು ಮಾತ್ರ ನನಗೆ ಚುಚ್ಚಿಬಿಡ್ತು. ನೀವು ಓಡಿ ಬರದೇ ಇದ್ದಿದ್ರೆ ಅವನೇ ಉಗೀತಿದ್ನೇನಮ್ಮ, ರುಚಿ ಇಲ್ವಲ್ಲ ಕಾಸಿಗೆ.

ನಾನು ಹೇಳಬೇಕು ಅಂತಿರೋದು ಇಷ್ಟೇನೆ. ಮರಿ ಬಾಯಿಗೆ ಕೈ ಹಾಕಿ ಕಿತ್ಕೊಳ್ಳೋದನ್ನ ನಾವು ಸಾಕೋದು ಅನ್ಕೊಂಡಿದೀವಿ, ಆದ್ರೆ ಅದರಿಂದ ಮರಿ ಕಲಿಯೋದು ಬೇಗ ನುಂಗೋದನ್ನ. ಅದರ ಕಡೆಯಿಂದ ಯೋಚ್ನೆ ಮಾಡಿ ನೋಡಿ, ಏನೋ ಸಿಕ್ತು, ತಕ್ಷಣ ದೊಡ್ಡ ಪ್ರಾಣಿಯೊಂದು ಅರಚ್ಕೊಂಡು ಬರ್ತಿದೆ, ಅಂದ್ರೆ ಈ ವಸ್ತು ಭಾರಿ ಬೆಲೆಬಾಳೋದೇ ಇರಬೇಕು, ನುಂಗಿಬಿಡಣ. ಇಲ್ಲಾ ಓಡಣ, ಇವಳು ಆಟಕ್ಕೆ ಬಂದ್ಲು. ಇದೇ ಪದೇಪದೇ ಆದ್ರೆ ಬಾಯಲ್ಲಿ ಏನಾದ್ರೂ ಇದ್ದಾಗ ಹತ್ತಿರ ಹೋದ್ರೆ ಗುರ್ ಅನ್ನೋಕೆ ಶುರು ಮಾಡ್ತವೆ, ಆಮೇಲೆ ನಾವೇ ಅಯ್ಯೋ ನಮ್ಮ ನಾಯಿ ಕೆಟ್ಟೋಯ್ತು ಅಂತೀವಿ.

ರೋಡಲ್ಲಿ ಸಿಗೋ ಉಪದೇಶ ಒಂದೆರಡಲ್ಲ. ಎದುರು ಮನೆ ಆಂಟಿ "ಸರಿಯಾಗಿ ಊಟ ಹಾಕಲ್ವಾ ಪಾಪ" ಅಂತಾರೆ, ವಾಕಿಂಗ್ ಬರೋ ಅಂಕಲ್ಲು "ಮೂತಿ ಮೇಲೆ ಎರಡು ಬಿಡಮ್ಮ" ಅಂತಾರೆ. ಇಬ್ಬರಿಗೂ ಹೇಳೋದು ಒಂದೇ, ಅದಕ್ಕೆ ಕೈಯಿಲ್ಲ. ಮಗು ಮುಟ್ಟಿ ನೋಡೋದನ್ನ ಇದು ಕಚ್ಚಿ ನೋಡುತ್ತೆ, ಅದರ ಮೇಲೆ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರೋ ಕಾಲ ಅದು, ಹೆಚ್ಚುಕಮ್ಮಿ ಆರೇಳು ತಿಂಗಳವರೆಗೂ ವಸಡು ಕಡೀತಾನೇ ಇರುತ್ತೆ. ಬರೀ ಹಸಿವು, ದುರಾಸೆ ಅನ್ಕೊಂಡ್ರೆ ಆಗಲ್ಲ.

ಹಂಗಂತ ಬಿಟ್ಟುಬಿಡೋಕೂ ಆಗಲ್ಲ, ನಮ್ಮ ಫುಟ್‌ಪಾತ್ ಏನು ಕಮ್ಮಿ ಅಪಾಯದ ಜಾಗಾನಾ? ಬಿರಿಯಾನಿ ಪ್ಯಾಕೆಟ್ಟಿನ ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತೆ, ಬ್ಯೂಗಲ್ ರಾಕ್ ಹತ್ರ ಜನ ತಿಂದು ಎಸೆಯೋ ಮೆಕ್ಕೆಜೋಳದ ದಿಂಡು ಜೀರ್ಣ ಆಗದೆ ಕರುಳಲ್ಲಿ ಸಿಕ್ಕಾಕ್ಕೊಳ್ಳುತ್ತೆ, ಆಪರೇಷನ್ನೇ ಗತಿ. ದೇವಸ್ಥಾನದ ಪ್ರಸಾದದ ದೊನ್ನೇಲಿ ಒಣದ್ರಾಕ್ಷಿ ಇರುತ್ತಲ್ಲ, ಕೆಲವು ನಾಯಿಗಳಿಗೆ ಅದ್ರಿಂದ ಕಿಡ್ನಿನೇ ಹೋಗುತ್ತೆ, ಇದು ನನಗೆ ಬೋಂಡ ಬರೋವರೆಗೂ ಗೊತ್ತೇ ಇರಲಿಲ್ಲ. ಇನ್ನು ಅಂಗಡಿ ಸಂದಿಲಿ ಇಲಿಗೆ ಇಡೋ ಪಾಷಾಣ. ಇದನ್ನೇನಾದ್ರೂ ತಿಂದಿದೆ ಅನ್ಸಿದ್ರೆ ಗೂಗಲ್ ಮಾಡ್ತಾ ಕೂರಬೇಡಿ, ಆ ಪ್ಯಾಕೆಟ್ ಸಿಕ್ಕಿದ್ರೆ ಅದನ್ನೂ ಹಿಡ್ಕೊಂಡು ಡಾಕ್ಟ್ರ ಹತ್ರ ಓಡಿ.

ನಾವು ಮಾಡಿದ್ದು ವ್ಯಾಪಾರ. ಮುಷ್ಟಿಯಲ್ಲಿ ಒಂದು ಬಿಸ್ಕತ್ ಚೂರು ಮುಚ್ಚಿಟ್ಕೊಂಡು ಅವನ ಮೂಗಿನ ಮುಂದೆ ಹಿಡಿಯೋದು. ನೆಕ್ಕುತ್ತೆ, ಕೆರೆಯುತ್ತೆ, ಮೂತಿಲಿ ಗುದ್ದುತ್ತೆ, ನಾವು ಮಾತ್ರ ಬಾಯಿ ಬಿಡದೆ ಸುಮ್ನೆ ಕೂತಿರಬೇಕು. ಬೇಜಾರಾಗಿ ಮೂತಿ ಹಿಂದಕ್ಕೆ ತಗೊಂಡ ಕ್ಷಣ ಶಾಭಾಷ್ ಅಂದು ಇನ್ನೊಂದು ಕೈಯಿಂದ ಬೇಯಿಸಿದ ಚಿಕನ್ ಚೂರು. ಮುಷ್ಟಿಯಲ್ಲಿರೋ ಬಿಸ್ಕತ್ ಯಾವತ್ತೂ ಕೊಡಲ್ಲ, ಆಟದ ಗುಟ್ಟೇ ಅದು. ನಾಕು ದಿನ ಆದ್ಮೇಲೆ ಅದಕ್ಕೆ "ಬಿಡು" ಅಂತ ಮಾತು ಸೇರಿಸಿದ್ವಿ, ಆಮೇಲೆ ನೆಲದ ಮೇಲೆ, ಆಮೇಲೆ ಜಗಲಿಲಿ ಚಪ್ಪಲಿ ಇಟ್ಟು, ಕೊನೆಗೆ ರೋಡು. ಈಗಾಗ್ಲೇ ಬಾಯಲ್ಲಿ ಇದ್ರೂ ಅಷ್ಟೆ, ಓಡಬಾರದು, ಚಿಕನ್ ಮೂಗಿಗೆ ತೋರಿಸಿದ್ರೆ ಅದನ್ನ ತಿನ್ನೋಕೆ ಬಾಯಿ ತೆಗೀಲೇಬೇಕಲ್ಲ. ಕಷ್ಟ ಆಗಿದ್ದು ಬೋಂಡನಿಗಲ್ಲ, ನಮ್ಮತ್ತೆಗೆ. ರೊಟ್ಟಿ ಅಂಚು ಮುರಿದು ಅಡುಗೆಮನೆ ನೆಲಕ್ಕೆ ಹಾಕೋ ಅಭ್ಯಾಸ ಅವರಿಗೆ, ನೆಲದಲ್ಲಿ ಊಟ ಸಿಗುತ್ತೆ ಅಂತ ಮನೇಲಿ ದಿನಾ ಪಾಠ ಮಾಡ್ತಾ ರೋಡಲ್ಲಿ ಯಾಕೋ ತಿಂದೆ ಅಂದ್ರೆ ಅದೇನು ಮಾಡುತ್ತೆ. ಈಗ ಅವರು ಕೈಯಿಂದಲೇ ಕೊಡ್ತಾರೆ, ಗೊಣಗ್ತಾನೇ.

ಇನ್ನು ಮೂಸೋದನ್ನ ನಿಲ್ಲಿಸೋಕೆ ಹೋಗಬೇಡಿ, ಬೆಲ್ಟ್ ಎಳೆದೆಳೆದು ನಡೆಸಿದ್ರೆ ಆ ವಾಕಿಂಗ್‌ಗೆ ಏನು ಅರ್ಥ, ಅವನ ದಿನಪತ್ರಿಕೆ ಅದು. ತೀರಾ ಕೈಮೀರಿದ ನಾಯಿಗಳಿಗೆ ಬುಟ್ಟಿ ಥರದ ಮೂತಿಕುಕ್ಕೆ ಸಿಗುತ್ತೆ, ಅದರಲ್ಲಿ ಬಾಯಿ ತೆಗೆದು ಏದುಸಿರು ಬಿಡಬಹುದು, ನೀರೂ ಕುಡಿಬಹುದು, ಜನ ಕಚ್ಚೋ ನಾಯಿ ಅನ್ಕೊಳ್ಳಲಿ ಬಿಡಿ.

ಕಾಯಿನ್ನು ಮೂರನೇ ದಿನ ತಾನಾಗೇ ಹೊರಗೆ ಬಂತು. ಡಾಕ್ಟ್ರ ಫೀಸು, ಎರಡು ಎಕ್ಸ್‌ರೇ, ಆಟೋ ಎಲ್ಲಾ ಸೇರಿ ಆ ಒಂದು ರೂಪಾಯಿಗೆ ಎಷ್ಟಾಯ್ತು ಅಂತ ಮನೆಯವರಿಗೆ ಇನ್ನೂ ಹೇಳಿಲ್ಲ.

ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ಆಯ್ತಲ್ಲ, ಮಾರನೇ ದಿನ ಬುಲ್ ಟೆಂಪಲ್ ರೋಡ್ ತುಂಬಾ ಸಿಪ್ಪೆ, ಕಡ್ಡಿ, ಪ್ಲಾಸ್ಟಿಕ್ಕು. ಬೋಂಡ ಒಂದು ಜೋಳದ ದಿಂಡು ಎತ್ಕೊಂಡ. ನನ್ನ ಎದೆ ಧಸಕ್ ಅಂತು, ಆದ್ರೂ ನಿಂತಲ್ಲೇ ನಿಂತು ಮೆಲ್ಲಗೆ "ಬಿಡು" ಅಂದೆ. ಟಪ್ ಅಂತ ಬಿಟ್ಟ, ಚಿಕನ್ ತಿಂದ. ಹತ್ತು ಹೆಜ್ಜೆ ಹೋಗಿ ಒಂದು ಐಸ್‌ಕ್ರೀಂ ಕಡ್ಡಿ ಎತ್ಕೊಂಡ, ಅಗೀಲಿಲ್ಲ, ಓಡಲಿಲ್ಲ, ನನ್ನ ಕಾಲ ಹತ್ರಾನೇ ತಂದು ಜಿಪ್ ಹಾಕಿದ ಜೇಬನ್ನೇ ನೋಡ್ತಾ ಕೂತ. ಮೋಸ ಗೊತ್ತಾಯ್ತು, ಆದ್ರೂ ಕೊಟ್ಟೆ. ಈಗ ದಿನಾ ಬೆಳಿಗ್ಗೆ ನಮ್ಮ ಬೀದಿ ಕಸ ಒಂದೊಂದಾಗಿ ನನಗೆ ಮಾರ್ತಿದಾನೆ.