ನಮ್ಮಜ್ಜಿ ಮುಖ ತಿದ್ದೋಕೆ ಇವರು ಯಾರು?

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮಜ್ಜ ಸುರಪುರದವರು, ಡ್ರಾಯಿಂಗ್ ಮಾಸ್ತರು. 1964ರಲ್ಲಿ ಅಜ್ಜಿಯನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಪೆನ್ಸಿಲ್ಲು, ನೀರುಬಣ್ಣದಲ್ಲಿ ಒಂದು ಚಿತ್ರ ಬರೆದಿದ್ದರು. ಮೂಗುತಿಗೆ, ಸೆರಗಿನ ಅಂಚಿಗೆ ಬಂಗಾರದ ರೇಕು ಅಂಟಿಸಿದ್ದರು. ಸುರಪುರದ ಹಳೇ ಚಿತ್ರಗಾರರ ಕೆಲಸ ನೋಡಿ ಕಲಿತದ್ದು ಅದು. ಹೋದ ಮಳೆಗಾಲ ಮಾಳಿಗೆ ಸೋರಿ ಫ್ರೇಮಿನೊಳಗೆ ನೀರು ಇಳಿಯಿತು. ಹಣೆ ಮೇಲೆ ಕಂದು ಕಲೆ, ನಡುವೆ ಒಂದು ಬಿರುಕು, ಮೂಲೆಯಲ್ಲಿ ಬೆಳ್ಳಿಹುಳ ತಿಂದ ತೂತು.

ಸರಿಮಾಡಿಸೋಣ ಅಂತ ಕಲಬುರಗಿಯ ಒಂದು ಸ್ಟುಡಿಯೊಗೆ ಕೊಟ್ಟೆ. ಚೀಟಿಯಲ್ಲಿ ಬರೆದೇ ಕೊಟ್ಟಿದ್ದೆ. 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿ, ವಿವರ ಕಳೆಯದ ಟಿಫ್ ಫೈಲ್ ಇಡಿ, ಕಲೆ ಮತ್ತು ಬಿರುಕು ಅಷ್ಟೇ ತೆಗೆಯಿರಿ. ಅಜ್ಜನ ಗೆರೆ ಮುಟ್ಟಬೇಡಿ.

ಇವರು ಸ್ಕ್ಯಾನೇ ಮಾಡಿಲ್ಲ! ಮೊಬೈಲಿನಲ್ಲಿ ಫೋಟೊ ಹೊಡೆದು, ಯಾವುದೋ ಎಐ ಆ್ಯಪಿಗೆ ಹಾಕಿ, ಬಂದದ್ದನ್ನು ಪ್ರಿಂಟ್ ತೆಗೆದು ಕೊಟ್ಟಿದ್ದಾರೆ. ಫೈಲ್ ಕೇಳಿದರೆ ವಾಟ್ಸಾಪಿನಲ್ಲಿ ಕಳಿಸಿದರು. ಅಲ್ಲಿ ಮತ್ತೆ ಕುಗ್ಗಿ ಹೋಯ್ತು.

ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ಕೆನ್ನೆ ಮೇಲಿನ ಆ ಕುಣಿಗಳನ್ನು ಅಜ್ಜ ಮುಚ್ಚಿಡಲಿಲ್ಲ. ಚೂಪು ಪೆನ್ಸಿಲ್ಲಿನಲ್ಲಿ ಒಂದೊಂದೇ ಚುಕ್ಕೆ ಇಟ್ಟು ಬರೆದಿದ್ದರು. ಆ್ಯಪಿಗೆ ಅದು ಕೊಳೆ. ಎಲ್ಲ ಒರೆಸಿ ಹಾಕಿದೆ. ಕಿವಿಯ ಹತ್ತಿರ ಎರಡು ಸಲ ಅಳಿಸಿ ಬರೆದ ಗೆರೆಯ ಗುರುತಿತ್ತು, ಅದೂ ಇಲ್ಲ. ಕಾಗದದ ತರಿಯೂ ಇಲ್ಲ. ಮುಖ ಮೇಣದ ಗೊಂಬೆ ಹಾಗೆ ನುಣ್ಣಗೆ, ಕಣ್ಣಿಗೆ ಉದ್ದ ರೆಪ್ಪೆ ಬೇರೆ. ಅಮ್ಮ ಪ್ರಿಂಟ್ ಕೈಯಲ್ಲಿ ಹಿಡಿದು "ಇದು ಯಾರದು?" ಅಂದರು.

ಯಾವುದು ನೀರಿನ ಕಲೆ, ಯಾವುದು ಕೈಯಾರೆ ಇಟ್ಟ ಚುಕ್ಕೆ ಅಂತ ಮಷೀನಿಗೆ ಗೊತ್ತಾಗಲ್ಲ. ಮನುಷ್ಯ ಕೂತು, ದೊಡ್ಡದು ಮಾಡಿ ನೋಡಿ, ಸ್ಕ್ಯಾನ್ ಮುಟ್ಟದೆ ಅದರ ಮೇಲೆ ಬೇರೆ ಲೇಯರಿನಲ್ಲಿ, ಅಂದರೆ ಬೇರೆ ಪದರದಲ್ಲಿ, ಚೂರು ಚೂರೇ ಸರಿಮಾಡಬೇಕು. ದಿನಗಟ್ಟಲೆ ಕೆಲಸ, ಒಪ್ತೀನಿ. ಅದಕ್ಕೇ ಅಲ್ವಾ ಕೇಳಿದಷ್ಟು ದುಡ್ಡು ಕೊಟ್ಟಿದ್ದು? ಬಂಗಾರದ ರೇಕಿಗೆ ಪಕ್ಕದಿಂದ ಬೆಳಕು ಬಿಟ್ಟು ಬೇರೆಯೇ ಫೋಟೊ ತೆಗೆಯಬೇಕು, ಇಲ್ಲದಿದ್ದರೆ ಕಪ್ಪಾಗಿ ಕಾಣುತ್ತದೆ. ಇವರು ಸುಮ್ನೆ ಹಳದಿ ಬಳಿದಿದ್ದಾರೆ. ಎಸ್.ಎಂ. ಪಂಡಿತರಂಥ ದೊಡ್ಡ ಚಿತ್ರಕಲಾವಿದರು ಹುಟ್ಟಿದ ಊರಿನಲ್ಲಿ ಕೈಗೆರೆಗೆ ಇಷ್ಟೇನಾ ಮರ್ಯಾದೆ?

ಪ್ರಿಂಟ್ ಹಾಳಾದರೆ ಹೋಗಲಿ, ಮೂಲ ಚಿತ್ರ ಇದೆಯಲ್ಲ, ಬೇರೆಯವರ ಹತ್ತಿರ ಮಾಡಿಸಿದರಾಯ್ತು ಅಂದುಕೊಂಡೆ. ಕವರ್ ಬಿಚ್ಚಿದೆ. ಅದಕ್ಕೆ ಲ್ಯಾಮಿನೇಷನ್ ಮಾಡಿದ್ದಾರೆ. "ಫ್ರೀಯಾಗೇ ಮಾಡಿದ್ದೀವಿ ಸರ್, ಇನ್ನು ನೀರು ಹೋಗಲ್ಲ" ಅಂದರು.

ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿದಿದೆ. ಕಿತ್ತರೆ ಪ್ಲಾಸ್ಟಿಕ್ ಜೊತೆ ಅಜ್ಜಿಯೂ ಕಿತ್ತು ಬರುತ್ತಾಳೆ. ಮೂಗುತಿಯ ರೇಕು ಆಗಲೇ ಸುಕ್ಕಾಗಿದೆ.