ಕೀ ಕೊಟ್ಟವನಿಗೇ ದಂಡ

ಇಂಗ್ಲೆಂಡಿಗೆ ಓದಲು ಬಂದಿರುವ ಅಕ್ಕನ ಮಗ ರೂಮು ಬದಲಾಯಿಸುವಾಗ ನನ್ನ ಕಾರು ಕೇಳಿದ. ಇನ್ಶೂರೆನ್ಸಿಗೆ ಅವನ ಹೆಸರನ್ನೂ ಸೇರಿಸಿ ಕೀ ಕೊಟ್ಟೆ. ಕೆಲವು ವಾರ ಕಳೆದ ಮೇಲೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ನನ್ನ ಹೆಸರಿಗೆ ಪತ್ರ ಬಂತು. ಪರ್ಮಿಟ್ ಇದ್ದವರು ಮಾತ್ರ ನಿಲ್ಲಿಸಬಹುದಾದ ಜಾಗದಲ್ಲಿ ಕಾರು ನಿಂತಿತ್ತು, 70 ಪೌಂಡ್ ಕಟ್ಟಿ ಎಂದು. 14 ದಿನದೊಳಗೆ ಕಟ್ಟಿದ್ದರೆ 35ಕ್ಕೇ ಮುಗಿಯುತ್ತಿತ್ತು. ಗಾಜಿಗೆ ಅಂಟಿಸಿದ್ದ ಲಕೋಟೆಯನ್ನು ಹುಡುಗ ಯಾವುದೋ ಜಾಹೀರಾತು ಅಂದುಕೊಂಡು ಎಸೆದಿದ್ದನಂತೆ.

"ನಿಲ್ಲಿಸಿದ್ದು ನಾನು ತಾನೆ ಮಾಮ, ನನ್ನ ಹೆಸರು ಬರೆದು ಕಳಿಸಿಬಿಡಿ" ಅಂದ. ಕಳಿಸಿದರೂ ಉಪಯೋಗವಿಲ್ಲ. 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಹಾಕುವ ಪಾರ್ಕಿಂಗ್ ದಂಡ ಮಾಲೀಕನದು, ಓಡಿಸಿದವರು ಯಾರೇ ಆಗಿರಲಿ. ಇಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಹಿಡಿಯುತ್ತಾರೆ. ಕಾರು ಕಳುವಾಗಿತ್ತು, ಮಾರಿಬಿಟ್ಟಿದ್ದೆ, ಬಾಡಿಗೆ ಕಂಪನಿಯ ಕರಾರಿನ ಮೇಲೆ ಹೋಗಿತ್ತು ಎಂದರೆ ಕೇಳುತ್ತಾರೆ; ಅಕ್ಕನ ಮಗ ಒಯ್ದಿದ್ದ ಎಂದರೆ ಇಲ್ಲ. ವೇಗದ ಕ್ಯಾಮೆರಾಗೆ ಸಿಕ್ಕಿದ್ದರೆ ಲೆಕ್ಕ ಬೇರೆ, ಅಲ್ಲಿ ಓಡಿಸಿದವನ ಹೆಸರನ್ನು ಕೇಳಿಯೇ ಕೇಳುತ್ತಾರೆ. ನಿಂತ ಗಾಡಿಯಲ್ಲಿ ಡ್ರೈವರ್ ಇರುವುದಿಲ್ಲ, ನಂಬರ್ ಪ್ಲೇಟ್ ಮಾತ್ರ ಇರುತ್ತದೆ. ಹಾಗಾಗಿ ಅದನ್ನೇ ಹಿಡಿದುಕೊಂಡಿದ್ದಾರೆ.

ಮೊದಲು ಉರಿದುಹೋಯಿತು. ಆಮೇಲೆ ತುಮಕೂರಿನಲ್ಲಿರುವ ಅಣ್ಣನ ಸ್ಕೂಟರ್ ನೆನಪಾಗಿ ಇವರ ಕಾನೂನಿನ ಮೇಲೆ ಗೌರವವೇ ಬಂತು.

ಅಣ್ಣ ಆ ಸ್ಕೂಟರ್ ಮಾರಿ ಎಷ್ಟೋ ಕಾಲವಾಗಿದೆ. ಮಾಲೀಕತ್ವ ವರ್ಗಾಯಿಸುವ ಟಿಓ ಪೇಪರಿಗೆ ಸೈನ್ ಹಾಕಿ ಕೊಟ್ಟ, ಕೊಂಡವನು "ನಾಳೆನೇ ಆರ್‌ಟಿಓಗೆ ಹೋಗ್ತೀನಿ ಸಾರ್" ಅಂದ. ಆ ನಾಳೆ ಇನ್ನೂ ಬಂದಿಲ್ಲ. ಬೆಂಗಳೂರಿನಲ್ಲಿ ಯಾರೋ ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದಾಗಲೆಲ್ಲ ಅಣ್ಣನ ಮೊಬೈಲಿಗೆ ಚಲನ್ ಬರುತ್ತದೆ. ಅಣ್ಣ ಕಟ್ಟುವುದಿಲ್ಲ, ಕೊಂಡವನಿಗೆ ಗೊತ್ತೇ ಇಲ್ಲ.

ನಮ್ಮಲ್ಲಿ ಕಾನೂನಿಲ್ಲ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಮಾರಿದವನು 14 ದಿನದೊಳಗೆ ತಿಳಿಸಬೇಕು ಎನ್ನುತ್ತದೆ. ಪೊಲೀಸರು ಕೇಳಿದರೆ ಓಡಿಸುತ್ತಿದ್ದವನ ಹೆಸರು, ವಿಳಾಸ ಕೊಡುವುದು ಮಾಲೀಕನ ಕರ್ತವ್ಯ ಎಂದು 133ನೇ ಕಲಮಿನಲ್ಲೇ ಇದೆ. ಕೇಳುವವರು ಯಾರು? ಇಲ್ಲಿ ಕಾರು ಮಾರಿ ಡಿವಿಎಲ್‌ಎಗೆ ತಿಳಿಸದಿದ್ದರೆ 1000 ಪೌಂಡ್‌ವರೆಗೂ ದಂಡ ಬೀಳಬಹುದು. ಅದಕ್ಕೇ ದುಡ್ಡು ಕೈಗೆ ಬಂದ ಕೂಡಲೇ, ಕೊಂಡವನು ಇನ್ನೂ ಗೇಟು ದಾಟುವ ಮೊದಲೇ, ಫೋನಿನಲ್ಲಿ ಹೆಸರು ವರ್ಗಾಯಿಸಿ ಮುಗಿಸುತ್ತಾರೆ.

ನನಗೆ ಹೊಟ್ಟೆ ಉರಿಯುವುದು ರಿಯಾಯಿತಿಯ ವಿಷಯಕ್ಕೆ. ಇಲ್ಲಿ ಬೇಗ ಕಟ್ಟಿದವನಿಗೆ ಅರ್ಧ ಮಾಫಿ, ಸುಮ್ಮನೆ ಕೂತವನಿಗೆ ಒಂದೂವರೆ ಪಟ್ಟು: ನನ್ನ 70 ಇನ್ನೂ ತಡವಾಗಿದ್ದರೆ 105 ಆಗುತ್ತಿತ್ತು. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಉಳಿಸಿಕೊಂಡವರಿಗೇ ಶೇ. 50 ರಿಯಾಯಿತಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ಚಲನ್ ಬಂದ ದಿನವೇ ಪೂರ್ತಿ ಕಟ್ಟಿದ್ದ ನನ್ನ ಗೆಳೆಯ ಆಗ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮುಂದಿನ ಆಫರ್ ಯಾವಾಗ ಎಂದು ಕಾಯುವುದೇ ಜಾಣತನವಾಗಿರುವಾಗ ಯಾವ ಮಾಲೀಕ ತಾನಾಗಿ ಹೊಣೆ ಹೊರುತ್ತಾನೆ?

ಇದನ್ನೆಲ್ಲ ಫೋನಿನಲ್ಲಿ ಅಣ್ಣನಿಗೆ ಹೇಳಿದರೆ ಒಂದೇ ಮಾತಿನಲ್ಲಿ ಮುಗಿಸಿದ: "ಅಲ್ಲಿ ನಿಲ್ಲಿಸೋಕೆ ಜಾಗ ತೋರಿಸಿ ದಂಡ ಹಾಕ್ತಾರೆ ಕಣೋ, ಇಲ್ಲಿ ಜಾಗ ಎಲ್ಲಿದೆ?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮಾಲೀಕನನ್ನು ಹಿಡಿಯುವ ಈ ಸೌಲಭ್ಯ ಕೌನ್ಸಿಲ್‌ಗಳ ಕೈಯಲ್ಲಷ್ಟೇ ಉಳಿದಿಲ್ಲ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಖಾಸಗಿ ಜಾಗದಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಂಪನಿಗಳು ಬೀಗ ಹಾಕುವುದನ್ನು 2012ರಲ್ಲಿ ನಿಷೇಧಿಸಿದಾಗ, ಅದಕ್ಕೆ ಬದಲಾಗಿ ಖಾಸಗಿ ಪಾರ್ಕಿಂಗ್ ಕಂಪನಿಗಳೂ ನೋಂದಾಯಿತ ಮಾಲೀಕನಿಂದಲೇ ವಸೂಲಿ ಮಾಡುವ ದಾರಿ ಕೊಟ್ಟರು. ಎರಡು ಗಂಟೆ ಉಚಿತವಿದ್ದ ಕಡೆ ಹೆಚ್ಚು ಹೊತ್ತು ನಿಂತದ್ದಕ್ಕೆ 85 ಪೌಂಡ್ ಕೇಳಿದ್ದು ಸರಿಯೇ ಎಂದು 2015ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೂ ಹೇಳಿತು. ನಮ್ಮ ಪಕ್ಕದ ಮನೆಯ ಅಜ್ಜಿ ಅಂಥ ಪತ್ರ ಬಂದರೆ ತಪ್ಪು ಯಾರದೆಂದೂ ನೋಡದೆ, ಹೆದರಿ ಅವತ್ತೇ ಕಟ್ಟಿಬಿಡುತ್ತಾರೆ.