ಕೈ ತಣ್ಣಗಿತ್ತು, ಅಷ್ಟೇ

ಎರಡು ತಿಂಗಳು ನನ್ನದು ಒಂದೇ ಕಥೆ. ರಾತ್ರಿ ಮೂರು ಗಂಟೆಗೆ ಎಚ್ಚರ. ಎದ್ದು ಕೂತು ಬಲಗೈ ಕೊಡವುವುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಯಾರದೋ ಬೆರಳುಗಳ ಹಾಗೆ ಆಗಿರುತ್ತಿದ್ದವು. ಐದು ನಿಮಿಷ ಕೊಡವಿದರೆ ಸರಿಹೋಗುತ್ತಿತ್ತು. ಆಮೇಲಾಮೇಲೆ ಹಗಲಲ್ಲೂ ಶುರುವಾಯಿತು. ಫೋನ್ ಹಿಡಿದರೆ ಜುಮುಜುಮು. ಶರ್ಟಿನ ಗುಂಡಿ ಹಾಕುವಾಗ ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು.

ಕೇಳಿದವರೆಲ್ಲ ಹೇಳಿದ್ದು ಕುತ್ತಿಗೆ ಅಂತ. "ಕಂಪ್ಯೂಟರ್ ಮುಂದೆ ಕೂರ್ತೀಯಲ್ಲ, ಕುತ್ತಿಗೆ ನರ ಒತ್ತಿದೆ, ಇನ್ನೇನು" ಅಂದಳು ಅಕ್ಕ. ಎಂಆರ್‌ಐ ಆಯಿತು. ಒಂದು ಕಡೆ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಸರಿ, ಕಳ್ಳ ಸಿಕ್ಕಿಬಿದ್ದ ಅಂತ ನಾವೆಲ್ಲ ತೀರ್ಮಾನಿಸಿದೆವು. ಆದರೆ ನಡುವಯಸ್ಸು ದಾಟಿದವರನ್ನು ಸುಮ್ನೆ ಹಿಡಿದು ಎಂಆರ್‌ಐ ಮಾಡಿಸಿದರೂ ಇಂಥ ಉಬ್ಬು ಬೇಕಾದಷ್ಟು ಜನರಲ್ಲಿ ಸಿಗುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ನೋವೂ ಇಲ್ಲ, ಜೋಮೂ ಇಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಎಂಆರ್‌ಐ ಒಂದು ಚಿತ್ರ. ತಂತಿ ಎಲ್ಲಿ ಹಾದುಹೋಗಿದೆ ಅಂತ ತೋರಿಸುತ್ತದೆ. ಅದರಲ್ಲಿ ಕರೆಂಟ್ ಹರಿಯುತ್ತಿದೆಯೇ ಅಂತ ನೋಡಲು ಬೇರೆ ಪರೀಕ್ಷೆ ಬೇಕು.

ಅದೇ ಎನ್‌ಸಿವಿ ಮತ್ತು ಇಎಂಜಿ. ನರಕ್ಕೆ ಸಣ್ಣ ಶಾಕ್ ಕೊಟ್ಟು ಸಂಕೇತ ಎಷ್ಟು ವೇಗವಾಗಿ ಹೋಗುತ್ತದೆ, ಪರದೆಯಲ್ಲಿ ಎಷ್ಟು ಎತ್ತರದ ಅಲೆ ಬರುತ್ತದೆ ಅಂತ ನೋಡುವುದು ಎನ್‌ಸಿವಿ. ಸ್ನಾಯುವಿಗೆ ಸೂಜಿ ಹಾಕಿ ನೋಡುವುದು ಇಎಂಜಿ. ಜನ "ಶಾಕ್ ಟೆಸ್ಟ್", "ಸೂಜಿ ಟೆಸ್ಟ್" ಅಂತ ಕರೆಯುವುದು ಇವನ್ನೇ.

ಮೊದಲ ಸಲ ಹೋದಾಗ ಆದದ್ದು ಹೇಳುತ್ತೇನೆ. ಎಸಿ ಹಾಕಿದ ಕೋಣೆ, ಮುಕ್ಕಾಲು ಗಂಟೆ ಕಾಯಿಸಿದರು. ಒಳಗೆ ಒಬ್ಬ ಹುಡುಗ ಸ್ಟಿಕ್ಕರ್ ಹಚ್ಚಿದ, ಮಣಿಕಟ್ಟಿಗೆ, ಮೊಣಕೈಗೆ, ಕಾಲಿಗೆ ಟಪ್ ಟಪ್ ಶಾಕ್ ಕೊಟ್ಟ, ಮುಗಿಯಿತು. ಯಾವ ಬೆರಳು, ಎಷ್ಟು ದಿನದಿಂದ, ರಾತ್ರಿಯೋ ಹಗಲೋ, ಒಂದು ಮಾತೂ ಇಲ್ಲ. ಸಂಜೆ ರಿಪೋರ್ಟ್ ಬಂತು. ಎರಡೂ ಕೈ, ಎರಡೂ ಕಾಲಿನ ನರಗಳಲ್ಲಿ ವೇಗ ಕಡಿಮೆ, ಪಾಲಿನ್ಯೂರೋಪತಿ. ಅಂದರೆ ಮೈತುಂಬ ನರದ ಕಾಯಿಲೆ!

ಆ ಮೂರು ವಾರ ನಾನು ಇಂಟರ್‌ನೆಟ್ಟಿನಲ್ಲಿ ಏನೇನು ಓದಿದೆ ಅಂತ ಹೇಳಿದರೆ ನಗುತ್ತೀರಿ. ಸಕ್ಕರೆ ಕಾಯಿಲೆ ಟೆಸ್ಟ್, ಬಿ12, ಥೈರಾಯ್ಡ್, ಎಲ್ಲ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದಕ್ಕೇ ಭಯ ಜಾಸ್ತಿಯಾಯಿತು. ಕಾರಣವೇ ಸಿಗದ ಕಾಯಿಲೆ ಅಂದುಕೊಂಡೆ.

ಎರಡನೇ ಕಡೆ ನ್ಯೂರಾಲಜಿಸ್ಟ್ ಮೇಡಂ ತಾವೇ ಟೆಸ್ಟ್ ಮಾಡಿದರು. ಮೆಷಿನ್ ಆನ್ ಮಾಡುವ ಮೊದಲು ಕಾಲು ಗಂಟೆ ಮಾತು. ಹತ್ತಿಯಿಂದ ಒಂದೊಂದೇ ಬೆರಳು ಸವರಿದರು. ಉಂಗುರ ಬೆರಳಿಗೆ ಬಂದಾಗ ನನಗೇ ಆಶ್ಚರ್ಯ. ನಡುಬೆರಳಿನ ಕಡೆಯ ಅರ್ಧ ಮಂಕು, ಕಿರುಬೆರಳಿನ ಕಡೆಯ ಅರ್ಧ ಚೆನ್ನಾಗಿದೆ. ಒಂದೇ ಬೆರಳಲ್ಲಿ ಗಡಿ ಹಾಕಿದ ಹಾಗೆ. ಆಮೇಲೆ ನನ್ನ ಅಂಗೈ ಹಿಡಿದು, "ಏನ್ರೀ ಇದು, ಇಷ್ಟು ತಣ್ಣಗಿದೆ?" ಅಂದರು.

ಹಳೇ ರಿಪೋರ್ಟ್ ತೆಗೆದು ನೋಡಿದರು. "ವೇಗ ಕಡಿಮೆ ಬಂದಿದೆ, ನಿಜ. ಆದರೆ ಅಲೆಗಳ ಎತ್ತರ ನೋಡಿ, ಜಾಸ್ತಿನೇ ಇದೆ. ಹಾಳಾದ ನರ ಹೀಗೆ ಮಾಡಲ್ಲ. ತಣ್ಣಗಿರೋ ನರ ಮಾಡುತ್ತೆ."

ಚರ್ಮದ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಆರೋಗ್ಯವಾಗಿರುವ ದೊಡ್ಡವರ ಕೈಯಲ್ಲಿ ಸಂಕೇತ ಸೆಕೆಂಡಿಗೆ 50 ಮೀಟರಿಗಿಂತ ವೇಗವಾಗಿ, ಕಾಲಲ್ಲಿ 40ಕ್ಕಿಂತ ವೇಗವಾಗಿ ಹೋಗಬೇಕು. ಕೈ ಐದಾರು ಡಿಗ್ರಿ ತಣ್ಣಗಾಗಿದ್ದರೆ ಹತ್ತು ಹನ್ನೆರಡು ಮೀಟರ್ ಅಲ್ಲೇ ಹೋಯಿತು. ಅದಕ್ಕೇ ಕೈಯ ಚರ್ಮ 32 ಡಿಗ್ರಿ ಆಸುಪಾಸಿನಲ್ಲಿ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಬೆಚ್ಚಗೆ ಮಾಡಿ, ಆಮೇಲೆ ಅಳೆಯಬೇಕು.

ಇದೇನು ಹೊಸ ಸಂಗತಿಯೂ ಅಲ್ಲ. ನರದ ವೇಗವನ್ನು ಮೊದಲು ಅಳೆದದ್ದು ಜರ್ಮನ್ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್, 1850ರ ಹೊತ್ತಿಗೆ, ಕಪ್ಪೆಯ ಕಾಲಿನಲ್ಲಿ. ಆ ವೇಗವನ್ನು ಅಳೆಯುವುದು ಆಗದ ಮಾತು ಅಂತ ಅವರ ಗುರು ಯೊಹಾನೆಸ್ ಮ್ಯುಲರ್ ನಂಬಿದ್ದರು. ಶಿಷ್ಯ ಅಳೆದು ತೋರಿಸಿದ, ಸೆಕೆಂಡಿಗೆ ಸುಮಾರು 27 ಮೀಟರ್. ತಣ್ಣಗೆ ಮಾಡಿದರೆ ವೇಗ ಇಳಿಯುತ್ತದೆ ಅಂತಲೂ ಆಗಲೇ ಗಮನಿಸಿದ್ದರು. ಅದಾಗಿ ನೂರೆಪ್ಪತ್ತು ವರ್ಷಕ್ಕೂ ಮೇಲಾಯಿತು. ನನ್ನ ಕೈ ಮುಟ್ಟಿ ನೋಡಲು ಆ ಮೊದಲ ಕೋಣೆಯಲ್ಲಿ ಒಬ್ಬರಿಗೂ ತೋಚಲಿಲ್ಲ.

ಕೈಕಾಲು ಬೆಚ್ಚಗೆ ಮಾಡಿ ಮತ್ತೆ ಅಳೆದರು. ಕಾಲು ನಾರ್ಮಲ್. ಎಡಗೈ ನಾರ್ಮಲ್. ಬಲಗೈಯಲ್ಲಿ ಕಿರುಬೆರಳಿನ ಕಡೆ ಹೋಗುವ ಅಲ್ನಾರ್ ನರ ನಾರ್ಮಲ್. ಹೆಬ್ಬೆರಳಿನ ಕಡೆ ಹೋಗುವ ಮೀಡಿಯನ್ ನರ ಮಾತ್ರ, ಅದೂ ಮಣಿಕಟ್ಟು ದಾಟುವ ಆ ಇಕ್ಕಟ್ಟಿನ ಜಾಗದಲ್ಲಿ ಮಾತ್ರ, ತಡವಾಗುತ್ತಿತ್ತು. ಇಲ್ಲಿ ಒಂದು ಚಂದದ ಉಪಾಯವಿದೆ. ಉಂಗುರ ಬೆರಳಿಗೆ ಎರಡೂ ನರ ಬರುತ್ತವಲ್ಲ, ಒಂದೇ ದೂರದಿಂದ ಎರಡನ್ನೂ ಓಡಿಸಿ ಯಾರು ಮೊದಲು ಮುಟ್ಟುತ್ತಾರೆ ನೋಡುವುದು. ಅರ್ಧ ಮಿಲಿಸೆಕೆಂಡ್ ಹಿಂದೆ ಬಿದ್ದರೂ ದೊಡ್ಡ ವಿಷಯ. ಬೆರಳು, ಮಣಿಕಟ್ಟು, ವಯಸ್ಸು, ಚಳಿ ಎರಡಕ್ಕೂ ಒಂದೇ ಆದ್ದರಿಂದ ಯಾರೂ ನೆಪ ಹೇಳುವ ಹಾಗಿಲ್ಲ.

ಕಾರ್ಪಲ್ ಟನಲ್. ಅಂದರೆ ಮಣಿಕಟ್ಟಿನ ಆ ಇಕ್ಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗುವ ತೊಂದರೆ. ಕುತ್ತಿಗೆ ಪಾಪ ಸುಮ್ನೆ ಬೈಸಿಕೊಂಡಿತ್ತು.

ಕುತ್ತಿಗೆಯನ್ನು ಹಾಗೆಯೇ ಬಿಡಲೂ ಇಲ್ಲ, ಅಲ್ಲಿಂದ ನರ ಬರುವ ಸ್ನಾಯುಗಳಿಗೆ ಸೂಜಿ ಹಾಕಿ ನೋಡಿದರು. ಸೂಜಿಯ ಬಗ್ಗೆ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ, ನನಗೂ ಇತ್ತು. ಸೂಜಿಯಲ್ಲಿ ಶಾಕ್ ಕೊಡುತ್ತಾರೆ ಅಂತ. ಇಲ್ಲ. ಆ ಸೂಜಿ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಸ್ನಾಯುವಿನೊಳಗೆ ಆಗುವ ವಿದ್ಯುತ್ ಚಟುವಟಿಕೆಯನ್ನು ಪರದೆಯ ಮೇಲೆ ತೋರಿಸಿ, ಸ್ಪೀಕರಿನಲ್ಲಿ ಸದ್ದು ಮಾಡುತ್ತದೆ. ಏಡ್ರಿಯನ್ ಮತ್ತು ಬ್ರಾಂಕ್ ಅನ್ನುವ ಇಬ್ಬರು ವಿಜ್ಞಾನಿಗಳು 1929ರಲ್ಲೇ ಈ ಬಗೆಯ ಸೂಜಿ ಮಾಡಿಕೊಂಡು ಹೀಗೆ ಕಿವಿಗೊಟ್ಟಿದ್ದರು. ಸಡಿಲ ಬಿಟ್ಟಾಗ ಆರೋಗ್ಯದ ಸ್ನಾಯು ಮೌನವಾಗಿರಬೇಕು. ನರ ಕಡಿದುಕೊಂಡ ಸ್ನಾಯು ಸುಮ್ನಿರಲ್ಲ, ತಗಡಿನ ಮಾಡಿನ ಮೇಲೆ ಮಳೆ ಹನಿ ಬಿದ್ದ ಹಾಗೆ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ನನ್ನದು ಮೌನವಾಗಿತ್ತು. ಅಷ್ಟು ಒಳ್ಳೆಯ ಮೌನ ನಾನು ಕೇಳಿರಲಿಲ್ಲ.

ಇಷ್ಟೆಲ್ಲ ಬರೆದದ್ದು ಒಂದು ಸಿಟ್ಟಿನಿಂದ. ಈ ಟೆಸ್ಟನ್ನು ರಕ್ತ ಕೊಟ್ಟು ಬಂದ ಹಾಗೆ ಮಾಡಿಬಿಟ್ಟಿದ್ದಾರೆ. ಮೆಷಿನ್ನಿಗೆ ಕೈ ಕೊಡು, ಸಂಜೆ ಕಾಗದ ತಗೋ. ಇದು ಆ ಜಾತಿಯ ಟೆಸ್ಟೇ ಅಲ್ಲ. ಯಾವ ನರ ನೋಡಬೇಕು, ಯಾವ ಸ್ನಾಯುವಿಗೆ ಸೂಜಿ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಲ್ಲೇ, ರೋಗಿಯನ್ನು ಕೇಳುತ್ತಾ ಮುಟ್ಟುತ್ತಾ ತೀರ್ಮಾನವಾಗಬೇಕು. ಪ್ರಶ್ನೆಯೇ ಇಲ್ಲದೆ ಅಳೆದರೆ ಅಂಕಿ ಸಿಗುತ್ತದೆ, ಉತ್ತರ ಸಿಗಲ್ಲ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಹೊರಗೆ ಇನ್ನೂ ಹದಿನೈದು ಜನ ಕೂತಿದ್ದರು. ಆ ಅಂಕಿಯ ಕೆಳಗೆ ನನ್ನ ಮುಖವನ್ನೂ ನೋಡದೆ ಸಹಿ ಹಾಕಿದವರ ಮೇಲೆ ಇದೆ.

ಇದರ ಇನ್ನೊಂದು ಮುಖ "ನಾರ್ಮಲ್" ರಿಪೋರ್ಟ್. ಅದು ಇನ್ನೂ ಕೆಟ್ಟದ್ದು ಮಾಡುತ್ತದೆ. ಪರಿಚಯದ ಒಬ್ಬರಿಗೆ ಪಾದವೆಲ್ಲ ಉರಿ, ರಾತ್ರಿ ಹೊದಿಕೆ ತಗುಲಿದರೂ ಸಹಿಸಲಾಗದು. ಟೆಸ್ಟ್ ನಾರ್ಮಲ್. "ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಮನೆಯವರೂ ಹಾಗೇ ನೋಡಲು ಶುರುಮಾಡಿದರು. ಆದರೆ ಈ ಟೆಸ್ಟ್ ಅಳೆಯುವುದು ದಪ್ಪ ನರತಂತುಗಳನ್ನು ಮಾತ್ರ. ಉರಿ, ಚುಚ್ಚು, ಬಿಸಿ ತಣ್ಣಗೆ ಇವನ್ನು ಹೊರುವ ಸಣ್ಣ ತಂತುಗಳು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಅವನ್ನು ನೋಡಲು ಕಾಲಿನ ಚರ್ಮದ ಚೂರು ತೆಗೆದು ಪರೀಕ್ಷಿಸುವಂಥ ಬೇರೆ ದಾರಿ ಇದೆ. ಅವರಿಗೆ ಆಮೇಲೆ ಅದರಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಒಂದೂವರೆ ವರ್ಷ "ಸುಳ್ಳು ಕಾಯಿಲೆಯವರು" ಅನ್ನಿಸಿಕೊಂಡಿದ್ದರು.

ಬೇಗ ಮಾಡಿಸಿದರೂ ನಾರ್ಮಲ್ ಬರಬಹುದು. ನರ ತುಂಡಾದರೂ ತುಂಡಾದ ಜಾಗದಿಂದ ಕೆಳಗಿನ ಭಾಗ ಕೆಲವು ದಿನ ಶಾಕಿಗೆ ಎಂದಿನ ಹಾಗೇ ಉತ್ತರ ಕೊಡುತ್ತಿರುತ್ತದೆ. ಸ್ಪರ್ಶದ ನರ ಹತ್ತು ದಿನದವರೆಗೂ ನಟಿಸಬಲ್ಲದು. ಸೂಜಿಯಲ್ಲಿ ಆ ಮಳೆ ಸದ್ದು ಕೇಳಲು ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಹಾಗಂತ ಎಲ್ಲದಕ್ಕೂ ಕಾಯುತ್ತಾ ಕೂರಬೇಡಿ ದಯವಿಟ್ಟು. ಕಾಲಿನಿಂದ ಮೇಲಕ್ಕೆ ದಿನದಿನಕ್ಕೂ ಬಲ ಕುಗ್ಗುತ್ತಿದ್ದರೆ, ಉಸಿರಾಟಕ್ಕೆ ನುಂಗಲಿಕ್ಕೆ ಕಷ್ಟವಾದರೆ, ಮೂತ್ರ ಹಿಡಿತ ತಪ್ಪಿದರೆ, ಮುಖ ಅಥವಾ ಒಂದು ಪಕ್ಕ ತಟ್ಟನೆ ಸೋತರೆ, ಅದು ಟೆಸ್ಟ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಸಮಯವಲ್ಲ. ನೇರ ಎಮರ್ಜೆನ್ಸಿಗೆ.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ನಾಳೆ ಟೆಸ್ಟ್ ಇದೆ ಕಣೋ, ತುಂಬಾ ನೋವಾಗುತ್ತಾ?" ಅಂದ. ಸುಳ್ಳು ಯಾಕೆ ಹೇಳಲಿ. ಶಾಕ್ ಹಿತವಲ್ಲ. ಕೈ ತಾನಾಗಿ ಎಗರುತ್ತದೆ, ಬೈಗುಳ ಬಾಯಿಗೆ ಬರುತ್ತದೆ. ಆದರೆ ಒಂದೊಂದೂ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಸೂಜಿ ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳು, ಮಾತ್ರೆಯನ್ನು ನೀನೇ ನಿಲ್ಲಿಸಬೇಡ ಅಂದೆ. ಕ್ರೀಮು, ಎಣ್ಣೆ ಹಚ್ಚಿಕೊಂಡು ಹೋಗಬೇಡ, ಸ್ಟಿಕ್ಕರ್ ಹಿಡಿಯಲ್ಲ. ಯಾವ ಬೆರಳು, ಯಾವಾಗ, ಏನು ಮಾಡುವಾಗ ಅಂತ ಒಂದು ಚೀಟಿಯಲ್ಲಿ ಬರೆದುಕೋ. ಅವರು ಕೇಳದಿದ್ದರೂ ನೀನೇ ಹೇಳು. ಕೈ ತಣ್ಣಗಿದ್ದರೆ ಅದನ್ನೂ ಹೇಳು, ನಾಚಿಕೆ ಬೇಡ.

ನಾನೀಗ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತೇನೆ. ಮೂರು ಗಂಟೆಯ ಎಚ್ಚರ ನಿಂತಿದೆ. ಗುಂಡಿ ಇನ್ನೂ ಪೂರ್ತಿ ತಿಳಿಯುತ್ತಿಲ್ಲ. ಮುಂದಿನ ತಿಂಗಳು ಮತ್ತೆ ಟೆಸ್ಟ್ ಇದೆ, ಉಣ್ಣೆಯ ಕೈಗವಸು ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.